ಖಿಲಾರಿ ಓಟದ ಹಂಗಾಮು

ಕಳೆದ ಕೆಲವು ವರ್ಷಗಳಲ್ಲಿ ಸಾಂಗ್ಲಿ ಜಿಲ್ಲೆಯ ಎತ್ತಿನ ಗಾಡಿ ಶರ್ಯತ್ತು ಎಷ್ಟು ಬೆಳೆಯಿತೆಂಬುದನ್ನು ಬಹುಮಾನಗಳೇ ಹೇಳುತ್ತವೆ. ಹಿಂದೆ ಗೆದ್ದವರಿಗೆ ಸಿಗುತ್ತಿದ್ದದ್ದು ಒಂದು ಢಾಲು, ಒಂದು ಪಟಗ, ಊರ ಹಿರಿಯರು ಕೈಗಿಡುವ ಒಂದಿಷ್ಟು ರೊಕ್ಕ. 2023ರಲ್ಲಿ ಖಾನಾಪುರ ತಾಲೂಕಿನ ಭಾಳವಣಿಯ ಶರ್ಯತ್ತಿನಲ್ಲಿ ಮೊದಲ ಬಹುಮಾನವಾಗಿ ಥಾರ್ ಜೀಪು ನಿಂತಿತ್ತು. 2025ರ ನವೆಂಬರ್‌ನಲ್ಲಿ ಕವಠೆ ಮಹಾಂಕಾಳ ತಾಲೂಕಿನ ಬೋರಗಾಂವದ ಬಯಲಲ್ಲಿ ‘ಶ್ರೀನಾಥ ಕೇಸರಿ’ ಶರ್ಯತ್ತು ನಡೆದಾಗ ಆ ಜಾಗಕ್ಕೆ ಫಾರ್ಚುನರ್ ಕಾರು ಬಂದಿತ್ತು. ಎರಡನ್ನೂ ನಡೆಸಿದವರು ಭಾಳವಣಿಯವರೇ ಆದ ಪೈಲ್ವಾನ ಚಂದ್ರಹಾರ ಪಾಟೀಲ. ಎರಡು ಸಲ ಮಹಾರಾಷ್ಟ್ರ ಕೇಸರಿ ಗದೆ ಹೊತ್ತವರು. 2024ರಲ್ಲಿ ಸಾಂಗ್ಲಿಯಿಂದ ಲೋಕಸಭೆಗೂ ಸ್ಪರ್ಧಿಸಿದ್ದವರು.

ಕುಸ್ತಿಯ ಅಖಾಡ, ಗಾಡಿಯ ಬಯಲು, ಚುನಾವಣೆಯ ಕಣ ಈ ಸೀಮೆಯಲ್ಲಿ ಒಂದಕ್ಕೊಂದು ದೂರವಿಲ್ಲ. ಮೂರಕ್ಕೂ ಬೇಕಾದದ್ದು ಜನ, ಜಿದ್ದು ಮತ್ತು ಊರಿನ ಹೆಸರು.

ಮಿರಜ ಮತ್ತು ಸಾಂಗ್ಲಿ ಎಂದೊಡನೆ ಹೊರಗಿನವರಿಗೆ ಅರಿಸಿನದ ಪೇಟೆ, ತಂಬೂರಿ, ಆಸ್ಪತ್ರೆಗಳು, ರೈಲ್ವೆ ಜಂಕ್ಷನ್ ನೆನಪಾಗುತ್ತವೆ. ಕೃಷ್ಣೆಯ ದಂಡೆ ಬಿಟ್ಟು ಪೂರ್ವಕ್ಕೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ಕಬ್ಬಿನ ಹಸಿರು ಮುಗಿದು ಕವಠೆ ಮಹಾಂಕಾಳ, ಆಟಪಾಡಿ, ಜತ್ತ ತಾಲೂಕುಗಳ ಒಣಭೂಮಿ ಶುರುವಾಗುತ್ತದೆ. ಮಳೆ ಕಡಿಮೆ, ಬಯಲು ವಿಶಾಲ, ದನಕರು ಹೆಚ್ಚು. ಜತ್ತ ತಾಲೂಕಿನ ಹಲವಾರು ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಗುಡ್ಡಾಪುರದ ದಾನಮ್ಮನ ಗುಡಿಗೆ ವಿಜಯಪುರ, ಬೆಳಗಾವಿ ಕಡೆಯಿಂದ ನಡೆದುಕೊಂಡು ಬರುವ ಭಕ್ತರಿಗೆ ಇಲ್ಲೆಲ್ಲೋ ರಾಜ್ಯದ ಗಡಿ ದಾಟಿದೆವೆಂಬ ಅರಿವೂ ಇರುವುದಿಲ್ಲ. ಎತ್ತಿನ ಓಟವೂ ಈ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಅಥಣಿ, ಚಿಕ್ಕೋಡಿ ಕಡೆಯ ಗಾಡಿಗಳು ಸಾಂಗ್ಲಿಯ ಬಯಲಿಗೆ ಬರುತ್ತವೆ. ಸಾಂಗ್ಲಿಯ ಹೋರಿಗಳು ಬೆಳಗಾವಿ ಜಿಲ್ಲೆಯ ಜಾತ್ರೆಗಳಲ್ಲಿ ಇಳಿಯುತ್ತವೆ.

ಹಬ್ಬದ ಪಂಚಾಂಗದಲ್ಲೂ ಈ ಕೂಡುಬಾಳು ಕಾಣುತ್ತದೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಹುಣ್ಣಿಮೆಯಂದು ಕಾರ ಹುಣ್ಣಿಮೆ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಅಗಸಿಗೆ ಅಡ್ಡ ಕಟ್ಟಿದ ‘ಕರಿ’ ಎಂಬ ತೋರಣದ ಹಗ್ಗ ಹರಿಯಲು ಓಡಿಸುತ್ತಾರೆ. ಯಾವ ಬಣ್ಣದ ಎತ್ತು ಮೊದಲು ಕರಿ ಹರಿಯಿತೆಂಬುದನ್ನು ನೋಡಿ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಲೆಕ್ಕ ಹಾಕುವ ರೂಢಿಯೂ ಇದೆ. ಸಾಂಗ್ಲಿ, ಕೊಲ್ಲಾಪುರ ಕಡೆ ಇದೇ ಹುಣ್ಣಿಮೆಯ ಹಬ್ಬಕ್ಕೆ ‘ಕರ್ನಾಟಕಿ ಬೇಂದೂರ’ ಎನ್ನುತ್ತಾರೆ. ಮುಂದಿನ ತಿಂಗಳು ಆಷಾಢದಲ್ಲಿ ಮಹಾರಾಷ್ಟ್ರದ ಬೇಂದೂರ ಬರುತ್ತದೆ. ಹೀಗೆ ಒಂದೇ ಜಿಲ್ಲೆಯಲ್ಲಿ ಎತ್ತುಗಳಿಗೆ ವರ್ಷಕ್ಕೆ ಎರಡು ಹಬ್ಬ.

ಓಡುವುದು ಖಿಲಾರಿ. ಈ ತಳಿಯ ತವರೆಂದು ಪಶುವೈದ್ಯರು ಗುರುತಿಸುವ ಪ್ರದೇಶ ಸೊಲ್ಲಾಪುರ, ಸಾಂಗ್ಲಿ, ಸಾತಾರಾದಿಂದ ವಿಜಯಪುರ, ಬೆಳಗಾವಿ, ಬಾಗಲಕೋಟೆಯವರೆಗೆ ಹಬ್ಬಿದೆ. ಅದರ ಒಂದು ಕವಲಿಗೆ ‘ಆಟಪಾಡಿ ಮಹಲ್’ ಎಂದೇ ಹೆಸರು. ಬೂದು ಬಿಳುಪಿನ ಬಿಗಿದ ಮೈ, ಉದ್ದನೆಯ ಕಿರಿದಾದ ಮುಖ, ಹಣೆಯ ಇಳಿಜಾರನ್ನೇ ಹಿಡಿದು ಹಿಂದಕ್ಕೆ ಹೋಗಿ ಮತ್ತೆ ಮೇಲಕ್ಕೆ ಬಾಗುವ ಕೊಂಬು. ಆಕಳು ಕೊಡುವ ಹಾಲು ಕಡಿಮೆ. ಹೋರಿಯ ಕಾಲಿನ ಚುರುಕು, ಬಿಸಿಲು ತಡೆಯುವ ಶಕ್ತಿ ಬಹಳ. ಹಿಂದೆ ಆ ಶಕ್ತಿಯೆಲ್ಲ ನೇಗಿಲಿಗೆ, ಬಾವಿಯ ಕಪಿಲೆಗೆ, ಸಂತೆಯ ಚಕ್ಕಡಿಗೆ ಸಲ್ಲುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಹೊಲದಲ್ಲಿ ಅದರ ಕೆಲಸ ಕಡಿಮೆಯಾಯಿತು. ಹಾಲಿಗೆ ಎಮ್ಮೆಯೂ ಜರ್ಸಿಯೂ ಇರುವಾಗ ಖಿಲಾರಿ ಕರುವನ್ನು ಸಾಕುವವನು ಯಾಕಾಗಿ ಸಾಕಬೇಕು? ಈ ಪ್ರಶ್ನೆಗೆ ಸಾಂಗ್ಲಿಯ ರೈತರು ಕೊಡುವ ಉತ್ತರ ಒಂದೇ: ಶರ್ಯತ್ತು. ಖರಸುಂಡಿಯ ಸಿದ್ಧನಾಥನ ಜಾತ್ರೆಯಲ್ಲೂ ಜತ್ತದ ಯಲ್ಲಮ್ಮನ ಜಾತ್ರೆಯಲ್ಲೂ ದನದ ಪೇಟೆ ನೆರೆದಾಗ, ಓಡಬಲ್ಲ ಕರುವಿಗೆ ಬರುವ ಬೆಲೆ ಬರೀ ದುಡಿಯಬಲ್ಲ ಕರುವಿಗೆ ಬರುವುದಿಲ್ಲ.

ಬಯಲಿನಲ್ಲಿ ನಡೆಯುವುದು ಹೀಗೆ. ನೇರವಾದ ಮಣ್ಣಿನ ಹಾದಿಯನ್ನು ಪಟ್ಟೆಗಳಾಗಿ ಗುರುತಿಸಿರುತ್ತಾರೆ. ಒಂದೊಂದು ಪಟ್ಟೆಗೆ ಒಂದೊಂದು ಗಾಡಿ. ಒಟ್ಟಿಗೆ ಬಿಡುವ ಗಾಡಿಗಳ ತಂಡಕ್ಕೆ ‘ಗಟ್’ ಎನ್ನುತ್ತಾರೆ. ಗಟ್ ಗೆದ್ದವರು ಸೆಮಿಗೆ, ಸೆಮಿ ಗೆದ್ದವರು ಫೈನಲ್‌ಗೆ. ಗಾಡಿಯೆಂದರೆ ಜೋಳದ ಚೀಲ ಹೇರುವ ಚಕ್ಕಡಿಯಲ್ಲ. ಒಬ್ಬ ಮಾತ್ರ ಕುಕ್ಕರಗಾಲಲ್ಲಿ ಕೂರಬಹುದಾದ, ಓಟಕ್ಕೆಂದೇ ಕಟ್ಟಿದ ಹಗುರ ಗಾಡಿ. ಅದನ್ನು ಹೊಡೆಯುವವನು ಭಾರವಿಲ್ಲದ, ಭಯವಿಲ್ಲದ ಹುಡುಗನಾಗಿರುತ್ತಾನೆ. ಹಗ್ಗ ಹಿಡಿದು ತೂಕವನ್ನು ಮುಂದಕ್ಕೋ ಹಿಂದಕ್ಕೋ ಸರಿಸುವುದರಲ್ಲಿ ಅವನ ಜಾಣತನವಿದೆ. ಯಾರು ಮೊದಲು ಗೆರೆ ದಾಟಿದರೆಂಬ ಜಗಳ ಹಿಂದೆ ಹೊಡೆದಾಟಕ್ಕೆ ತಿರುಗುತ್ತಿದ್ದದ್ದುಂಟು. ಈಗ ದೊಡ್ಡ ಬಯಲುಗಳಲ್ಲಿ ಗೆರೆಯ ಮೇಲೆ ಕ್ಯಾಮೆರಾ ನೆಟ್ಟಿರುತ್ತದೆ, ಪಂಚರು ಪರದೆ ನೋಡಿ ತೀರ್ಪು ಕೊಡುತ್ತಾರೆ. ಬಯಲಿಗೆ ಬರಲಾಗದವರು ಮನೆಯಲ್ಲೇ ಮೊಬೈಲ್ ಹಿಡಿದು ಯೂಟ್ಯೂಬ್‌ನಲ್ಲಿ ನೇರಪ್ರಸಾರ ನೋಡುತ್ತಾರೆ.

ಹೊರಗಿನವರಿಗೆ ಅಚ್ಚರಿಯೆನಿಸುವುದು ಜೋಡಿ ಕಟ್ಟುವ ಬಗೆ. ಒಂದೇ ನೊಗದ ಎರಡು ಹೋರಿಗಳು ಒಬ್ಬನವೇ ಆಗಿರಬೇಕಿಲ್ಲ. ಪುಣೆಯ ಕಡೆಯ ಒಂದು ಹೋರಿ, ಸಾಂಗ್ಲಿಯ ಕಡೆಯ ಇನ್ನೊಂದು, ಒಂದು ದಿನದ ಶರ್ಯತ್ತಿಗೆಂದು ಜೊತೆಗೂಡಬಹುದು. ಹೆಜ್ಜೆ ಹೊಂದಬೇಕು, ಒಂದು ಚುರುಕಾಗಿ ಬಿಟ್ಟು ಇನ್ನೊಂದು ತಡವರಿಸಿದರೆ ಗಾಡಿ ಪಟ್ಟೆ ಬಿಟ್ಟು ಹೊರಳುತ್ತದೆ. ಹೋರಿಗೆ ತನ್ನದೇ ಹೆಸರು, ತನ್ನದೇ ಅಭಿಮಾನಿಗಳು. ಪುಣೆ ಜಿಲ್ಲೆಯ ‘ಬಕಾಸುರ’ನ ಹೆಸರು ಪಶ್ಚಿಮ ಮಹಾರಾಷ್ಟ್ರದ ಹಳ್ಳಿಹಳ್ಳಿಗೂ ಗೊತ್ತು, ಅವನು ಬರುತ್ತಾನೆಂದರೆ ಸಾಕು, ಬಯಲು ತುಂಬುತ್ತದೆ. ಅಂಥ ಹೋರಿಗೆ ಹಾಲು, ಮೊಟ್ಟೆ, ಉದ್ದಿನ ಹಿಟ್ಟಿನ ಆರೈಕೆ. ಬಾವಿ, ಕೆರೆಗಳಲ್ಲಿ ಈಜಿನ ಅಭ್ಯಾಸ. ಓಟವಿಲ್ಲದ ದಿನಗಳಲ್ಲಿ ಹದವಾದ ನಡಿಗೆ.

ಸುಗ್ಗಿ ಕೈಗೆ ಬಂದ ಮೇಲೆ ಊರಿಂದೂರಿಗೆ ಜಾತ್ರೆಗಳ ಸಾಲು, ಜಾತ್ರೆಗೊಂದು ಶರ್ಯತ್ತು. ಇಂದು ಇಲ್ಲಿ, ನಾಲ್ಕು ದಿನ ಬಿಟ್ಟು ಇನ್ನೊಂದು ತಾಲೂಕಿನಲ್ಲಿ. ಹೋರಿಗಳು ಟೆಂಪೊದಲ್ಲಿ ಸಾಗುತ್ತವೆ, ಹಿಂದೆ ಮಾಲೀಕರು, ಆಳುಗಳು, ಅಭಿಮಾನಿಗಳು. ಜಗತ್ತಿನ ಇನ್ನೊಂದು ಓಟದ ಹಂಗಾಮನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಸಾಂಗ್ಲಿಯ ಓಟಕ್ಕೆ ಏನಿದೆ, ಏನಿಲ್ಲ ಎಂಬುದು ನಿಚ್ಚಳವಾಗುತ್ತದೆ. ಅದು ಕಾರುಗಳ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್.

ಆ ಸರಣಿ ಶುರುವಾದದ್ದು 1973ರಲ್ಲಿ. 2025ರ ಹಂಗಾಮಿನಲ್ಲಿ ಹದಿನಾಲ್ಕು ಸುತ್ತುಗಳಿದ್ದವು: ಜನವರಿಯಲ್ಲಿ ಮಾಂಟೆ ಕಾರ್ಲೊದ ಹಿಮಗಟ್ಟಿದ ಘಟ್ಟಗಳಲ್ಲಿ ಆರಂಭ, ಸ್ವೀಡನ್ನಿನ ಮಂಜು, ಕೀನ್ಯಾದ ಧೂಳು, ಫಿನ್ಲೆಂಡಿನ ಕಾಡುಹಾದಿ, ಕೊನೆಗೆ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಮರಳು. ಫಾರ್ಮುಲಾ ಒನ್‌ನಂತೆ ಇಲ್ಲಿ ಸುತ್ತು ಹೊಡೆಯುವ ಟ್ರ್ಯಾಕ್ ಇಲ್ಲ. ಸಾಮಾನ್ಯ ರಸ್ತೆಯ ಒಂದು ತುಂಡನ್ನು ಜನಸಂಚಾರಕ್ಕೆ ಮುಚ್ಚಿ, ಕಾರುಗಳನ್ನು ಒಂದಾದ ಮೇಲೊಂದರಂತೆ ಬಿಡುತ್ತಾರೆ. ಗಡಿಯಾರದ ಜೊತೆ ಓಟ. ಚಾಲಕನ ಪಕ್ಕದಲ್ಲಿ ಕೂತವನು ಮುಂಬರುವ ತಿರುವು, ಏರಿಳಿತಗಳನ್ನು ಮೊದಲೇ ಬರೆದುಕೊಂಡ ಟಿಪ್ಪಣಿಯಿಂದ ಓದಿ ಹೇಳುತ್ತಾ ಹೋಗುತ್ತಾನೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಸಿಗ್ನಲ್ಲಿಗೆ ನಿಲ್ಲಬೇಕು, ವೇಗದ ಮಿತಿ ಪಾಲಿಸಬೇಕು. ಗೆಲುವಿಗೆ 25 ಅಂಕ, ಎರಡನೆಯವರಿಗೆ 17, ಹೀಗೆ ಇಳಿಯುತ್ತಾ ಹತ್ತನೆಯವರಿಗೆ 1. ಭಾನುವಾರದ ಓಟಕ್ಕೂ ಕೊನೆಯ ತುಂಡಿಗೂ ಬೇರೆ ಅಂಕ. 2025ರಲ್ಲಿ ಫ್ರಾನ್ಸಿನ ಸೆಬಾಸ್ಟಿಯನ್ ಒಜಿಯೆ ಮೂರು ಸುತ್ತುಗಳಿಗೆ ಹೋಗದೆಯೂ ತಮ್ಮದೇ ಟೊಯೊಟಾ ತಂಡದ ಎಲ್ಫಿನ್ ಇವಾನ್ಸ್‌ಗಿಂತ ನಾಲ್ಕೇ ಅಂಕ ಮುಂದೆ ನಿಂತು ಒಂಬತ್ತನೇ ಸಲ ವಿಶ್ವ ಚಾಂಪಿಯನ್ ಆದರು.

ಕನ್ನಡ ನಾಡಿಗೆ ಈ ಲೋಕ ಅಪರಿಚಿತವೇನಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ 1970ರ ದಶಕದಿಂದ ನಡೆದು ಬಂದದ್ದು. ಏಷ್ಯಾ-ಪೆಸಿಫಿಕ್ ಸರಣಿಯ ಭಾರತದ ಸುತ್ತು 2016ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುಹಾದಿಯಲ್ಲಿ ನಡೆಯಿತು. ಆ ವರ್ಷದ ಸರಣಿ ಗೆದ್ದವರು ದೆಹಲಿಯ ಗೌರವ್ ಗಿಲ್. ಅವರಿಗದು ಎರಡನೇ ಪ್ರಶಸ್ತಿ, ಮರುವರ್ಷ ಮೂರನೆಯದೂ ಬಂತು. ಅವರ ಜೊತೆ ಅನೇಕ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಪಕ್ಕದ ಸೀಟಿನಲ್ಲಿ ಕೂತು ಟಿಪ್ಪಣಿ ಓದಿದವರು ಕಾಸರಗೋಡಿನ ಮೂಸಾ ಷರೀಫ್.

ಖಿಲಾರಿ ಓಟಕ್ಕೆ ಅಂಕಪಟ್ಟಿಯಿಲ್ಲ, ವರ್ಷದ ಕೊನೆಗೆ ಘೋಷಿಸುವ ಚಾಂಪಿಯನ್ ಇಲ್ಲ. ಅದರಿಂದ ದೊಡ್ಡ ನಷ್ಟವೇನೂ ಆಗಿಲ್ಲ. ಯಾವ ಹೋರಿ ದೊಡ್ಡದೆಂದು ಜನರಿಗೆ ಗೊತ್ತು. ಕೊರತೆ ಇರುವುದು ಬೇರೆ ಕಡೆ. ರ‍್ಯಾಲಿಯ ಕಾರು ಯಾವ ದೇಶದಲ್ಲಿ ಇಳಿದರೂ ಅದರ ದಾಖಲೆ ಪುಸ್ತಕ ಜೊತೆಗೇ ಬರುತ್ತದೆ. ಓಟಕ್ಕೆ ಮುಂಚೆ ತಪಾಸಣೆ, ಓಟದ ಮೇಲೆ ಮತ್ತೆ ತಪಾಸಣೆ. ಕಬ್ಬಿಣದ ಯಂತ್ರಕ್ಕೆ ಇಷ್ಟು ಕಾಳಜಿ. ನೋವು ಗೊತ್ತಾಗುವ, ಆದರೆ ಬಾಯಿಬಿಟ್ಟು ಹೇಳಲಾಗದ ಜೀವಕ್ಕೆ ಎಷ್ಟು ಕಾಳಜಿ ಬೇಕೆಂಬುದರ ಮೇಲೆಯೇ ಈ ಓಟ ಹತ್ತು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿತ್ತು.

2011ರ ಜುಲೈಯಲ್ಲಿ ಕೇಂದ್ರದ ಪರಿಸರ ಸಚಿವಾಲಯ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳಿದ್ದ ಪಟ್ಟಿ ಅದು. ಮರುವರ್ಷ ಮುಂಬೈ ಹೈಕೋರ್ಟು ಮಹಾರಾಷ್ಟ್ರದ ಗಾಡಿ ಶರ್ಯತ್ತಿನ ನಿಷೇಧವನ್ನು ಎತ್ತಿಹಿಡಿಯಿತು. 2014ರ ಮೇ 7ರಂದು ತಮಿಳುನಾಡಿನ ಜಲ್ಲಿಕಟ್ಟು, ಮಹಾರಾಷ್ಟ್ರದ ಗಾಡಿ ಓಟ ಎರಡನ್ನೂ ಸುಪ್ರೀಂ ಕೋರ್ಟು ಒಂದೇ ತೀರ್ಪಿನಲ್ಲಿ ನಿಲ್ಲಿಸಿತು. ಹೋರಿಯ ದೇಹರಚನೆ ಕುದುರೆಯಂತೆ ಓಟಕ್ಕೆ ಒಗ್ಗಿದ್ದಲ್ಲ, ಅದನ್ನು ಓಡಿಸುವುದೇ ಹಿಂಸೆ ಎಂಬುದು ಆ ತೀರ್ಪಿನ ತಿರುಳು. ಪ್ರಾಣಿದಯಾ ಸಂಘಟನೆಗಳು ನ್ಯಾಯಾಲಯದ ಮುಂದಿಟ್ಟ ವಿವರಗಳು ಸುಳ್ಳಾಗಿರಲಿಲ್ಲ. ಬಾಲ ತಿರುಚುವುದು, ಕಚ್ಚುವುದು, ಮೊಳೆ ಹೊಡೆದ ಕೋಲು, ಬ್ಯಾಟರಿಯ ಶಾಕ್ ಇವೆಲ್ಲ ಬಯಲುಗಳಲ್ಲಿ ನಡೆಯುತ್ತಿದ್ದವು. ಎತ್ತನ್ನು ಬಸವಣ್ಣನೆಂದು ಪೂಜಿಸುವ ನಾಡಿನಲ್ಲಿ ಇದು ನಡೆಯಿತೆಂಬುದನ್ನು ಗಾಡಿಪ್ರಿಯರು ಮರೆಮಾಚದೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡವರೂ ಇದ್ದಾರೆ.

ಜಲ್ಲಿಕಟ್ಟಿಗಾಗಿ ಚೆನ್ನೈಯ ಮರೀನಾ ತೀರದಲ್ಲಿ ಜನ ಸೇರಿದ್ದು 2017ರ ಜನವರಿಯಲ್ಲಿ. ಆ ವರ್ಷ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಮ್ಮ ಮಟ್ಟಿಗೆ ತಿದ್ದುಪಡಿ ತಂದವು. ಕರ್ನಾಟಕದ ತಿದ್ದುಪಡಿಯಲ್ಲಿ ಕರಾವಳಿಯ ಕಂಬಳದ ಜೊತೆಗೆ ಎತ್ತಿನ ಗಾಡಿ ಓಟವೂ ಸೇರಿತ್ತು. ಮಹಾರಾಷ್ಟ್ರದ ಕಾಯ್ದೆಗೆ ಮುಂಬೈ ಹೈಕೋರ್ಟು ಅದೇ ವರ್ಷ ತಡೆ ಕೊಟ್ಟಿತು. ಹೀಗಾಗಿ ಒಂದು ವಿಚಿತ್ರ ಸ್ಥಿತಿ ಬಂತು: ಕರ್ನಾಟಕದಲ್ಲಿ ಕಾನೂನಿನ ಆಸರೆಯಿರುವ ಓಟ, ಗಡಿ ದಾಟಿ ಜತ್ತಕ್ಕೆ ಬಂದೊಡನೆ ಅಪರಾಧ.

ಆ ವರ್ಷಗಳಲ್ಲಿ ಸಾಂಗ್ಲಿಯಲ್ಲಿ ಸಿಟ್ಟು ಕುದಿಯುತ್ತಿತ್ತು. 2021ರ ಆಗಸ್ಟ್‌ನಲ್ಲಿ ಆಗ ವಿಧಾನ ಪರಿಷತ್ ಸದಸ್ಯರಾಗಿದ್ದ ಗೋಪಿಚಂದ ಪಡಳಕರ ಆಟಪಾಡಿ ತಾಲೂಕಿನ ಝರೆಯಲ್ಲಿ ಶರ್ಯತ್ತು ಘೋಷಿಸಿದರು. ಪೊಲೀಸರು ಸುತ್ತಲಿನ ಹಳ್ಳಿಗಳಲ್ಲಿ ನಿರ್ಬಂಧ ಹಾಕಿದರು, ಸಿದ್ಧಪಡಿಸಿದ್ದ ಹಾದಿಯನ್ನು ಅಗೆದರು. ಆದರೂ ಬೆಳಗಿನ ಜಾವ ಗಾಡಿಗಳು ಓಡಿದವು, ಆಮೇಲೆ ಮೊಕದ್ದಮೆಗಳೂ ದಾಖಲಾದವು. ಅದೇ ವರ್ಷದ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟು ಮಹಾರಾಷ್ಟ್ರಕ್ಕೆ ಮಧ್ಯಂತರ ಅನುಮತಿ ಕೊಟ್ಟಿತು. 2022ರ ಜನವರಿಯ ಮೊದಲ ವಾರ ಕವಠೆ ಮಹಾಂಕಾಳ ತಾಲೂಕಿನ ನಾಂಗೋಳೆಯಲ್ಲಿ ಜಿಲ್ಲಾಡಳಿತದ ಪರವಾನಗಿ ಪಡೆದ ಶರ್ಯತ್ತು ನಡೆಯಿತು. ಏಳು ವರ್ಷ ಕಾದ ಜನ ಆ ಬಯಲಿಗೆ ಹರಿದುಬಂದರು.

ಕೊನೆಯ ಮಾತು ಬಂದದ್ದು 2023ರ ಮೇ 18ರಂದು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಗೆಲುವೆಂದು ಸಾಂಗ್ಲಿಯಲ್ಲಿ ಗುಲಾಲು ಹಾರಿಸಿದವರು ಅದರ ಇನ್ನೊಂದು ಭಾಗವನ್ನೂ ಓದಬೇಕು. ಪೀಠದ ಪ್ರಕಾರ 2014ರ ತೀರ್ಪು ಆಗ ಇದ್ದ ಸ್ಥಿತಿಯನ್ನು ನೋಡಿ ಕೊಟ್ಟದ್ದು. ಈಗ ನಿಯಮಗಳಿಂದ ಪ್ರಾಣಿಗಳ ನೋವು ಬಹುಮಟ್ಟಿಗೆ ತಗ್ಗಿದೆ. ಆ ಕಾರಣಕ್ಕೇ ಅನುಮತಿ. ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ಜಿಲ್ಲಾಧಿಕಾರಿಗಳದು ಎಂದು ಪೀಠ ಸ್ಪಷ್ಟವಾಗಿ ಬರೆದಿದೆ. ಓಟಕ್ಕೆ ಸಿಕ್ಕಿರುವುದು ಷರತ್ತಿನ ಮೇಲಿನ ಅನುಮತಿ. ನಿಯಮ ಸಡಿಲವಾದ ದಿನ ಅದರ ಬುಡವೂ ಸಡಿಲವಾಗುತ್ತದೆ.

ಮಹಾರಾಷ್ಟ್ರದ ನಿಯಮಗಳು ಕಾಗದದ ಮೇಲೆ ಚೆನ್ನಾಗಿವೆ. ಓಟದ ಹಾದಿ 1000 ಮೀಟರ್ ಮೀರಬಾರದು. ಹೋರಿಗಳು ಓಟಕ್ಕೆ ತಕ್ಕವೆಂದು ಪಶುವೈದ್ಯರ ಪ್ರಮಾಣಪತ್ರ ಬೇಕು. ಬಾರುಕೋಲು, ಶಾಕ್ ಕೊಡುವ ಸಾಧನ ಯಾವುದೂ ಕೂಡದು. ಓಟವನ್ನು ವಿಡಿಯೊ ಮಾಡಿ ಒಪ್ಪಿಸಬೇಕು. ಹಿಂಸೆ ಕೊಟ್ಟರೆ ಮೂರು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ. ದೊಡ್ಡ ಶರ್ಯತ್ತುಗಳಲ್ಲಿ ಇವುಗಳ ಕಡೆ ಕಣ್ಣಿರುತ್ತದೆ, ಕ್ಯಾಮೆರಾಗಳೂ ಇರುತ್ತವೆ. ಊರಹೊರಗೆ ಸದ್ದಿಲ್ಲದೆ ನಡೆಯುವ ಸಣ್ಣ ಓಟಗಳ ಬಗ್ಗೆ ಹಾಗೆ ಹೇಳಲಾಗದು.

ಹೋರಿಯಷ್ಟೇ ಚಿಂತೆಯ ವಿಷಯ ಜನಸಂದಣಿ. ಬೆದರಿದ ಹೋರಿಗೆ ಬ್ರೇಕ್ ಇಲ್ಲ. ಪಟ್ಟೆ ತಪ್ಪಿದ ಗಾಡಿ ಪ್ರೇಕ್ಷಕರ ಮೇಲೆ ನುಗ್ಗಿ ಸಾವುನೋವಾದ ಸುದ್ದಿ ಮಹಾರಾಷ್ಟ್ರದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಲಕ್ಷದ ಲೆಕ್ಕದಲ್ಲಿ ಜನ ಸೇರಿಸುವುದೇ ಹೆಗ್ಗಳಿಕೆಯಾದಾಗ, ಹಾದಿಯ ಅಂಚಿಗೆ ಒತ್ತಿಕೊಂಡು ನಿಂತು ಮೊಬೈಲ್ ಚಾಚುವ ಹುಡುಗರನ್ನು ಹಿಂದಕ್ಕೆ ಸರಿಸುವವರು ಯಾರು?

ರ‍್ಯಾಲಿ ಲೋಕ ಈ ಪಾಠ ಕಲಿತದ್ದು ರಕ್ತ ಚೆಲ್ಲಿ. 1980ರ ದಶಕದಲ್ಲಿ ‘ಗ್ರೂಪ್ ಬಿ’ ಎಂಬ ವರ್ಗದ ಕಾರುಗಳಿದ್ದವು, ಹಗುರ ಮೈಯ, ಅಳತೆ ಮೀರಿದ ಶಕ್ತಿಯ ಯಂತ್ರಗಳು. ಜನ ಅವುಗಳ ದಾರಿಯ ಮೇಲೆಯೇ ನಿಂತು, ಕಾರು ಹತ್ತಿರ ಬಂದಾಗ ಪಕ್ಕಕ್ಕೆ ಹಾರುವುದನ್ನು ಸಾಹಸವೆಂದು ತಿಳಿದಿದ್ದರು. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ಲಿನಲ್ಲಿ ಒಂದು ಫೋರ್ಡ್ ಆರ್‌ಎಸ್200 ಹಿಡಿತ ತಪ್ಪಿ ಆ ಗುಂಪಿಗೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ದೊಡ್ಡ ಕಂಪನಿಗಳ ತಂಡಗಳು ಓಟ ಬಿಟ್ಟು ಹೊರನಡೆದವು. ಎರಡು ತಿಂಗಳೊಳಗೆ ಕಾರ್ಸಿಕಾದ ರ‍್ಯಾಲಿಯಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಉರಿಯುವ ಕಾರಿನಲ್ಲಿ ಪ್ರಾಣ ಬಿಟ್ಟರು. ಮರುವರ್ಷದಿಂದ ಗ್ರೂಪ್ ಬಿ ಇರಲಿಲ್ಲ. ಜನ ಎಲ್ಲಿ ನಿಲ್ಲಬೇಕು, ಎಲ್ಲಿ ಕೂಡದು ಎಂಬುದು ಕ್ರಮೇಣ ಬಿಗಿಯಾಯಿತು. ಇಂದು ಜನರನ್ನು ಹಿಂದೆ ಸರಿಸಲಾಗದಿದ್ದರೆ ಆ ತುಂಡಿನ ಓಟವನ್ನೇ ರದ್ದು ಮಾಡುತ್ತಾರೆ. ಇಷ್ಟಾದರೂ ಅಪಾಯ ಪೂರ್ತಿ ಹೋಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಗೆಂದು ಮುಚ್ಚಿದ್ದ ರಸ್ತೆಗೆ ಬೈಕೊಂದು ಬಂದು, ಅದರ ಮೇಲಿದ್ದ ಒಂದೇ ಕುಟುಂಬದ ಮೂವರು ರ‍್ಯಾಲಿ ಕಾರಿಗೆ ಸಿಕ್ಕಿ ಸತ್ತರು. ಹಳ್ಳಿಯ ದಾರಿಯನ್ನು ಮುಚ್ಚಿದ್ದೇವೆಂದು ಹೇಳುವುದು ಸುಲಭ, ನಿಜವಾಗಿ ಮುಚ್ಚುವುದು ಕಷ್ಟ.

ಸಾಂಗ್ಲಿಯ ಬಯಲಿಗೆ ಒಂದು ಅನುಕೂಲವಿದೆ. ರ‍್ಯಾಲಿಯಂತೆ ಹತ್ತಾರು ಮೈಲಿ ಕಾಡುದಾರಿ ಕಾಯಬೇಕಿಲ್ಲ. ಕಾಯಬೇಕಾದದ್ದು ಹೆಚ್ಚೆಂದರೆ ಒಂದು ಕಿಲೊಮೀಟರ್. ಎರಡೂ ಬದಿಗೆ ಎರಡು ಸಾಲು ಗಟ್ಟಿ ಬೇಲಿ, ನಡುವೆ ಖಾಲಿ ಜಾಗ, ಗೆರೆಯ ಆಚೆ ಹೋರಿಗಳು ತಾವಾಗಿ ನಿಲ್ಲುವಷ್ಟು ಉದ್ದದ ನೆಲ. ಫಾರ್ಚುನರ್ ಕೊಡುವಷ್ಟು ಹಣ ಕೂಡಿಸಬಲ್ಲವರಿಗೆ ಇದು ಹೊರೆಯಲ್ಲ. ಪರವಾನಗಿ ಕೊಡುವ ಕಚೇರಿ ಬಹುಮಾನದ ಪಟ್ಟಿ ನೋಡುವ ಮೊದಲು ಬೇಲಿಯ ನಕ್ಷೆ ಕೇಳಬೇಕು.

ಹೋರಿಯ ದಾಖಲೆಗೂ ದಾರಿ ಸಿದ್ಧವಾಗಿಯೇ ಇದೆ. ದೇಶದ ದನಕರುಗಳ ಕಿವಿಗೆ ಈಗ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹಾಕುತ್ತಾರೆ. ಲಸಿಕೆ, ಚಿಕಿತ್ಸೆ, ಸಂತಾನದ ಲೆಕ್ಕವೆಲ್ಲ ಆ ಸಂಖ್ಯೆಗೆ ಜೋಡಿಸಿದ್ದು. ಅದೇ ಸಂಖ್ಯೆಗೆ ಓಟಗಳ ಲೆಕ್ಕವನ್ನೂ ಸೇರಿಸಿದರೆ ಸಾಕು: ಈ ಹೋರಿ ಕಡೆಯದಾಗಿ ಓಡಿದ್ದು ಯಾವ ದಿನ, ಎಷ್ಟು ಗಟ್ ಓಡಿತು, ಕುಂಟಿತೆ, ಯಾವ ವೈದ್ಯರು ನೋಡಿದರು. ಇಂದು ಒಂದು ಬಯಲಿನ ವೈದ್ಯರು ಕೊಡುವ ಪ್ರಮಾಣಪತ್ರ ಆ ದಿನದ ಮಟ್ಟಿಗಷ್ಟೇ. ಎರಡು ದಿನದ ಹಿಂದೆ ಇನ್ನೊಂದು ತಾಲೂಕಿನಲ್ಲಿ ಅದೇ ಹೋರಿ ಎಷ್ಟು ದಣಿದಿತ್ತೆಂದು ತಿಳಿಯುವ ಬಗೆ ಅವರಿಗಿಲ್ಲ. ಗಡಿಯ ಎರಡೂ ಬದಿಯಲ್ಲಿ ಓಟಕ್ಕೆ ಈಗ ಕಾನೂನಿನ ಒಪ್ಪಿಗೆ ಇರುವುದರಿಂದ ಈ ಲೆಕ್ಕ ಸಾಂಗ್ಲಿಗೂ ಬೆಳಗಾವಿಗೂ ವಿಜಯಪುರಕ್ಕೂ ಒಂದೇ ಇರಬೇಕು. ಶನಿವಾರ ಅಥಣಿಯ ಜಾತ್ರೆಯಲ್ಲಿ ಓಡಿದ ಹೋರಿ ಭಾನುವಾರ ಕವಠೆ ಮಹಾಂಕಾಳದಲ್ಲಿ ಟೆಂಪೊದಿಂದ ಇಳಿದರೆ, ಅದರ ಕಿವಿಯ ಸಂಖ್ಯೆ ಒತ್ತಿದೊಡನೆ ಅಲ್ಲಿಯ ವೈದ್ಯರಿಗೆ ವಿಷಯ ಗೊತ್ತಾಗಬೇಕು, ನೊಗ ಹೂಡುವ ಮುಂಚೆಯೇ.